ಮಂಬೆತಾಲಿಯ ಎರಡನೆಯ ಸಾವು

"ಕುದುರೆ ಎಲ್ಲಿ ಕಟ್ಟಿದ್ರಿ?" ಎಂದು ಆ ಹುಡುಗಿ ಕೇಳಿದಾಗ ಎಸೆನ್‌ಕುಲ್ ಬೇರೆ ಯಾರನ್ನೋ ಕೇಳಿದಳೆಂದು ಹಿಂದಿರುಗಿ ನೋಡಿದ. ರಾಜಧಾನಿ ಬಿಷ್ಕೆಕ್‌ನಿಂದ ನಸುಕಿನಲ್ಲೇ ಹೊರಟು ಒಬ್ಬನೇ ಕಾರು ಓಡಿಸಿಕೊಂಡು ಬಂದಿದ್ದ. ಸೊಂಟ ಹಿಡಿದುಕೊಂಡಿತ್ತು. ಚಳಿಗೆಂದು ಹಾಕಿಕೊಂಡಿದ್ದ ಹಳೆಯ ಕುರಿಚರ್ಮದ ಕೋಟು, ತಲೆಯ ಮೇಲಿನ ಬಿಳಿ ಕಲ್ಪಾಕ್ ಟೋಪಿ, ನಡೆಯುವಾಗ ತುಸು ಅಗಲವಾಗುವ ಕಾಲು, ಇವೆಲ್ಲ ಸೇರಿ ಶೂಟಿಂಗಿಗೆ ಕುದುರೆ ಬಾಡಿಗೆ ಕೊಡುವ ಊರಿನವನಂತೆ ತಾನು ಕಂಡಿರಬೇಕು. "ನಾನು ಕುದುರೆಯವನಲ್ಲಮ್ಮ. ಬರೆದವನು" ಎಂದ. "ಏನು ಬರೆದವರು?" ಎಂದಳು ಹುಡುಗಿ. ಅವಳ ದನಿಯಲ್ಲಿ ತಾತ್ಸಾರವೇನೂ ಇರಲಿಲ್ಲ, ನಿಜಕ್ಕೂ ಗೊತ್ತಿರಲಿಲ್ಲ. "ಇದನ್ನ" ಎಂದು ಅವನು ಕೈಯನ್ನು ಬಯಲಿನುದ್ದಕ್ಕೂ ಆಡಿಸಿದ. ಕೊಯ್ದ ಗದ್ದೆಯ ನಡುವೆ ಎಬ್ಬಿಸಿದ ಕಂಬಳಿ ಗುಡಾರ, ದೀಪದ ಕಂಬಗಳು, ಜನರೇಟರಿನ ಲಾರಿ, ಗುಡಾರದ ಹೊರಗೆ ಸಾವಿನ ದೃಶ್ಯಕ್ಕೆಂದು ಕೋಲೂರಿಕೊಂಡು ಅಳುವುದನ್ನು ಅಭ್ಯಾಸ ಮಾಡುತ್ತಿದ್ದ ಊರ ಗಂಡಸರು. ಕೈ ಆಡಿಸಿದ ಮೇಲೆ, ಕಣ್ಣೆದುರಿನ ಇಷ್ಟರಲ್ಲಿ ಒಂದನ್ನೂ ತಾನು ಬರೆದಿರಲಿಲ್ಲವೆಂಬುದು ನೆನಪಾಗಿ ಕೈಯನ್ನು ಜೇಬಿಗೆ ಹಾಕಿಕೊಂಡ.

ಅವನು ಬರೆದದ್ದು ಹಿಮ. ಚಿತ್ರಕಥೆಯ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಹಿಮ ಬೀಳುತ್ತಿತ್ತು. ಹಿಮದೊಳಗೆ ಒಂದು ಮನೆ, ಮನೆಯೊಳಗೆ ಒಬ್ಬ ಹೆಂಗಸು ಮತ್ತು ಅವಳ ಮಗ. ಗಂಡ ಸತ್ತಿಲ್ಲ, ಸರೋವರದ ದಡದ ಪಟ್ಟಣದಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ದಾನೆ. ಊರಿಗೆಲ್ಲ ಗೊತ್ತು, ಅವಳಿಗೂ ಗೊತ್ತು. ಆದರೂ ದಿನಾ ಸಂಜೆ ಅವಳು ಒಂದು ಬಟ್ಟಲು ಚಹಾ ಹೆಚ್ಚಿಗೆ ಬಗ್ಗಿಸಿ ಅದರ ಮೇಲೆ ಅಂಗೈ ಮುಚ್ಚಿ ಆರುವತನಕ ಕೂರುತ್ತಾಳೆ. ಒಂದು ಮಾತಿಲ್ಲ. ಅಷ್ಟೇ ಸಿನಿಮಾ. ನಿರ್ದೇಶಕ ಬೆಲೆಕ್, ಅವನಿಗಿಂತ ಇಪ್ಪತ್ತು ವರ್ಷಕ್ಕೆ ಚಿಕ್ಕವನು, ಮೊದಲ ಸಲ ಓದಿದಾಗ ಕಣ್ಣೊರೆಸಿಕೊಂಡಿದ್ದ. "ಒಂದಕ್ಷರ ಮುಟ್ಟಲ್ಲ ಬೈಕೆ" ಎಂದು, ಹಿರಿಯಣ್ಣನನ್ನು ಕರೆಯುವ ಹಾಗೆ ಕರೆದು, ಮಾತು ಕೊಡುವಂತೆ ಎರಡೂ ಕೈ ಹಿಡಿದುಕೊಂಡಿದ್ದ. ಆಮೇಲೆ ನಾಯಕಿ ನಾಜಿರಾಗೆ ಚಳಿಗಾಲದಲ್ಲಿ ಬಿಡುವಿಲ್ಲವೆಂದು ಹಿಮ ಹೋಗಿ ಶರತ್ಕಾಲ ಬಂತು. ಮಗ ಮಗಳಾದ. ಹೆಂಗಸಿಗೆ ಮಾತು ಬಂತು. ಮೊದಲು ಎರಡು ಮಾತು, ಆಮೇಲೆ ಅಕ್ಕಪಕ್ಕದವರ ಜೊತೆ ಒಂದು ಜಗಳ. ಪ್ರತಿ ಸಲವೂ ಬೆಲೆಕ್ ಫೋನ್ ಮಾಡಿ ಪ್ರೀತಿಯಿಂದಲೇ ಹೇಳುತ್ತಿದ್ದ, ಎಸೆನ್‌ಕುಲ್ ಹೂಂ ಎನ್ನುತ್ತಿದ್ದ. ಹೂಂ ಎಂದು ಫೋನ್ ಇಟ್ಟ ಮೇಲೆ ಅಡುಗೆಮನೆಯಲ್ಲಿ ನಿಂತು, ಹೇಳಬೇಕಾಗಿದ್ದ ಮಾತುಗಳನ್ನೆಲ್ಲ ಕೆಟಲಿಗೆ ಹೇಳುತ್ತಿದ್ದ. ಕಳೆದ ವಾರದ ಫೋನಿನಲ್ಲಿ ಮಾತ್ರ ಹೂಂ ಎನ್ನುವುದಕ್ಕಾಗಲಿಲ್ಲ. ಗಂಡ ಸಾಯುತ್ತಾನೆ, ಎಂದಿದ್ದ ಬೆಲೆಕ್. ಇನ್ನೊಬ್ಬಳು ಯಾರೂ ಇಲ್ಲ. ಎತ್ತರದ ಬೆಟ್ಟದಲ್ಲಿ ಹಿಮ ಕುಸಿದಾಗ ನೆರೆಯವರ ಕುರಿಮಂದೆ ಉಳಿಸಲು ಹೋಗಿ ಸಾಯುತ್ತಾನೆ. ದೊಡ್ಡದೊಂದು ಸಾವಿನ ಮನೆಯ ದೃಶ್ಯ ಇರುತ್ತದೆ.

ಸಿನಿಮಾದಿಂದ ನನ್ನ ಹೆಸರು ತೆಗೆದುಬಿಡು ಎಂದು ಎದುರು ನಿಂತು ಹೇಳಲಿಕ್ಕೆ ಅವನು ಬಂದಿದ್ದ. ಈ ವಾಕ್ಯವನ್ನು ದಾರಿಯುದ್ದಕ್ಕೂ ಹತ್ತಾರು ರೀತಿಯಲ್ಲಿ ಹೇಳಿ ನೋಡಿಕೊಂಡಿದ್ದ. ಸರೋವರದ ದಡದ ಬಾಲಿಕ್ಚಿ ಪಟ್ಟಣ ದಾಟುವಾಗ ಮಾತ್ರ ಬಾಯಿ ತಾನಾಗಿ ನಿಂತಿತ್ತು. ಅಲ್ಲಿ ಒಣಮೀನಿನ ಸಾಲು ಅಂಗಡಿಗಳ ಹಿಂದೆ, ನೀಲಿ ಕಿಟಕಿಯ ಆ ಮನೆಯಲ್ಲಿ, ಶಾಲೆಗೆ ರಜೆ ಬಂದಾಗಲೆಲ್ಲ ಅಪ್ಪ ಮಂಬೆತಾಲಿ ಅವನನ್ನು ಮೊಣಕಾಲಿನ ಮೇಲೆ ಕೂರಿಸಿಕೊಂಡು ಮೀನಿನ ಮುಳ್ಳು ಬಿಡಿಸಿಕೊಡುತ್ತಿದ್ದ. ಅಮ್ಮನಿಗೆ ಎಸೆನ್‌ಕುಲ್ ಹೇಳುತ್ತಿದ್ದದ್ದು ಸ್ನೇಹಿತನ ಮನೆಗೆ ಹೋಗುತ್ತೇನೆಂದು. ಅಪ್ಪನ ಆ ಇನ್ನೊಬ್ಬಳು, ಗಲೀಮಾ, ದಪ್ಪ ಕೈಗಳ ನಗುಮುಖದ ಹೆಂಗಸು, ಅವನ ತಲೆಗೆ ಬಿಸಿನೀರು ಹುಯ್ದು ಸೋಪು ಹಚ್ಚಿ ತಿಕ್ಕುತ್ತಿದ್ದಳು. ಅವಳು ಕೆಟ್ಟವಳಾಗಿದ್ದರೆ ಎಷ್ಟು ಸಲೀಸಾಗುತ್ತಿತ್ತು! ಆ ಮನೆಯಲ್ಲಿ ತಾನು ಸುಖವಾಗಿದ್ದೆನೆಂಬುದು ಇಷ್ಟು ವಯಸ್ಸಾದ ಮೇಲೂ, ಹಲ್ಲಿನ ಸಂದಿಯಲ್ಲಿ ಸಿಕ್ಕಿದ ಮುಳ್ಳಿನಂತೆ ನಾಲಿಗೆಗೆ ತಗಲುತ್ತಿತ್ತು. ಅವನ ಚಿತ್ರಕಥೆಯಲ್ಲಿ ಹುಡುಗ ಎಲ್ಲಿಗೂ ಹೋಗುವುದಿಲ್ಲ. ಅಮ್ಮನ ಪಕ್ಕದಲ್ಲೇ ಕೂತು ಚಹಾ ಆರುವುದನ್ನು ನೋಡುತ್ತಿರುತ್ತಾನೆ.

ಹುಡುಗಿಯ ಹೆಸರು ಐಜಿರೆಕ್, ಬೆಲೆಕ್‌ನ ಸಹಾಯಕಿ. ಯಾರೆಂದು ತಿಳಿದ ಮೇಲೆ ಕೆನ್ನೆ ಕೆಂಪಗಾಗಿ, ಬನ್ನಿ ಬೈಕೆ ಬನ್ನಿ ಎಂದು ಅವನನ್ನು ಗುಡಾರದ ಬಳಿಗೆ ಕರೆದುಕೊಂಡು ಹೋದಳು. ಕೂರಿಸಲು ಕುರ್ಚಿ ಹುಡುಕಿದಳು, ಸಿಗಲಿಲ್ಲ; ಒಂದು ದೀಪದ ಪೆಟ್ಟಿಗೆಯ ಮೇಲೆ ಕೂರಿಸಿದಳು. ಯಾರೋ ಬಂದು "ಅಣ್ಣ ಸ್ವಲ್ಪ ಏಳಿ" ಎಂದು ಪೆಟ್ಟಿಗೆ ಒಯ್ದರು. ನಿಂತುಕೊಂಡು ಗುಡಾರದ ಒಳಗೆ ಇಣುಕಿದ. ಬಲಗಡೆಯಲ್ಲಿ ಸತ್ತವನ ಫೋಟೋ ಇಟ್ಟಿದ್ದರು: ಚೂಪು ಮೂಗಿನ, ಕಪ್ಪು ಮೀಸೆಯ, ಎಲ್ಲಿಯೋ ಬೆಟ್ಟದಾಚೆ ನೋಡುತ್ತಿರುವ ಸುಂದರ ನಟ. ಎದೆಯ ಮೇಲೆ ಪದಕ. ಮಂಬೆತಾಲಿಗೆ ಮುಂದಿನ ಹಲ್ಲು ಒಂದರ ಮೇಲೊಂದು ಏರಿತ್ತು, ನಕ್ಕರೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದ. ಬಂದರಿನ ಕ್ರೇನು ನಡೆಸುವವನಿಗೆ ಯಾರು ಪದಕ ಕೊಡುತ್ತಾರೆ? ಎಸೆನ್‌ಕುಲನಿಗೆ ನಗು ಬಂತು, ಅದರ ಹಿಂದೆಯೇ ಯಾರೋ ತನ್ನ ಮನೆಯ ಬೀರು ತೆರೆದು ಬಟ್ಟೆಗಳನ್ನೆಲ್ಲ ಬೇರೆ ಥರ ಮಡಿಸಿಟ್ಟು ಹೋದಂಥ ಕಸಿವಿಸಿ.

ಬೆಲೆಕ್ ಓಡಿಬಂದು ತಬ್ಬಿಕೊಂಡ. ಗಡ್ಡದಲ್ಲಿ ಧೂಳು, ಕಣ್ಣು ನಿದ್ದೆಗೆಟ್ಟು ಕೆಂಪು. "ನೀವು ಬಂದದ್ದು ಎಷ್ಟು ಒಳ್ಳೇದಾಯ್ತು ಬೈಕೆ. ಬೈಯೋಕೇ ಬಂದಿದೀರಿ, ಗೊತ್ತು. ಊಟ ಮಾಡಿ ಬೈರಿ."

"ಬೈಯೋಕಲ್ಲ. ಒಂದು ಮಾತು ಹೇಳೋಕೆ."

"ಅದು ಬೈಯೋದಕ್ಕಿಂತ ಕೆಟ್ಟದ್ದು" ಎಂದು ಬೆಲೆಕ್ ಅವನ ತೋಳು ಹಿಡಿದು ಪಕ್ಕಕ್ಕೆ ಕರೆದೊಯ್ದ. "ನೋಡಿ, ತೆಗೆದಷ್ಟನ್ನ ನಾಲ್ಕು ಜನಕ್ಕೆ ತೋರಿಸಿದೆ. ಎಲ್ರೂ ಕೇಳಿದ್ದು ಒಂದೇ. ಅವನು ಪಕ್ಕದೂರಲ್ಲಿ ಇನ್ನೊಬ್ಬಳ ಜೊತೆ ಮಜವಾಗಿದಾನೆ, ಇವಳ್ಯಾಕೆ ಅವನಿಗೆ ಚಹಾ ಇಡ್ತಾಳೆ? ಅವನನ್ನ ಬಯ್ಯಲ್ಲ, ಅಳಲ್ಲ, ಒಂದು ಬಟ್ಟಲನ್ನಾದ್ರೂ ಎತ್ತಿ ಒಗೀಬಾರದಾ? ನಮ್ಮಮ್ಮನೇ ಎದ್ದು ಹೋದ್ಲು ಬೈಕೆ, ಆ ಹೆಂಗಸನ್ನ ನೋಡಿದ್ರೆ ನಂಗೆ ಕೈ ಕಡಿಯತ್ತೆ ಅಂದ್ಲು."

"ಅವಳು ಸುಮ್ಮನಿರೋದೇ ಕಥೆ."

ಗುಡಾರದ ಬಾಗಿಲಲ್ಲಿ ಕಪ್ಪು ಬಟ್ಟೆ ತೊಟ್ಟು ನಿಂತಿದ್ದ ನಾಜಿರಾ ಇದನ್ನು ಕೇಳಿಸಿಕೊಂಡಳು. ನಲವತ್ತರ ಹತ್ತಿರದ, ನೇರ ಕಣ್ಣುಗಳ ನಟಿ. "ಹಾಗೆ ಸುಮ್ಮನಿರೋ ಹೆಂಗಸನ್ನ ನಾನು ಎಲ್ಲೂ ನೋಡಿಲ್ಲ ಬೈಕೆ" ಎಂದಳು, ಜಗಳದ ದನಿಯಲ್ಲಲ್ಲ, ದಾರಿ ಕೇಳುವವಳ ದನಿಯಲ್ಲಿ. "ಅಂಗೈ ಮುಚ್ಚಿ ಕೂರೋ ದೃಶ್ಯ ಮಾಡುವಾಗ ಮನಸ್ಸಿನಲ್ಲಿ ಏನಿಟ್ಟುಕೋಬೇಕು ಅಂತ ತಿಳೀಲೇ ಇಲ್ಲ. ನೀವು ಯಾರನ್ನಾದ್ರೂ ಹಾಗೆ ನೋಡಿದೀರಾ?"

ನೋಡಿದ್ದೇನೆ, ಎಂದು ಹೇಳಲು ಬಾಯಿ ತೆರೆದ. ನೋಡಿದ್ದ, ಒಂದು ಸಂಜೆ, ಒಂದೇ ಸಂಜೆ. ಅಮ್ಮ ಬಟ್ಟಲಿನ ಮೇಲೆ ಅಂಗೈ ಇಟ್ಟು ಕೂತಿದ್ದಳು. ಅದು ಅಪ್ಪನಿಗಿಟ್ಟ ಚಹಾವೇ ಆಗಿತ್ತೇ? ಹಟ್ಟಿಯಿಂದ ಬಂದವಳು ಕೈ ಕಾಯಿಸಿಕೊಳ್ಳುತ್ತಿದ್ದಳೇ? ಮೂವತ್ತು ವರ್ಷ ಆ ಅಂಗೈಯನ್ನು ಅವನು ಎಲ್ಲಿಗೆ ಹೋದರೂ ಹೊತ್ತುಕೊಂಡು ತಿರುಗಿದ್ದ, ಈ ಪ್ರಶ್ನೆ ಮಾತ್ರ ಒಮ್ಮೆಯೂ ಬಂದಿರಲಿಲ್ಲ. ಅಷ್ಟರಲ್ಲಿ ಐಜಿರೆಕ್ ಓಡಿಬಂದು, "ಹಾಡಿ ಅಳೋದನ್ನ ಕಲಿಸೋ ಅಜ್ಜಿ ಸಿಕ್ಕಿದಾರೆ! ಊರಿನ ಹೆಂಗಸರೆಲ್ಲ ಇವರನ್ನೇ ಕರ್ಕೊಂಡು ಹೋಗು ಅಂದ್ರು" ಎಂದಳು. ಅವಳ ಹಿಂದೆ ವ್ಯಾನಿನ ಬಾಗಿಲಲ್ಲಿ ಕೂತು, ಒಂದು ಕೈಯಲ್ಲಿ ಬಟ್ಟಲು ಹಿಡಿದು, ಬೋರ್ಸೋಕ್ ಎಂಬ ಕರಿದ ಹಿಟ್ಟಿನ ತುಂಡೊಂದನ್ನು ಚಹಾದಲ್ಲಿ ಅದ್ದುತ್ತಿದ್ದವಳು ಅವನ ತಾಯಿ ಬುರ್ಮಾಕಾನ್.

ಅವಳ ಮನೆ ಇಲ್ಲಿಂದ ಕೂಗಳತೆಯಲ್ಲಿತ್ತು. ಶೂಟಿಂಗಿಗೆ ಈ ಜಾಗವನ್ನು ಆರಿಸಿದ್ದು ಬೆಲೆಕ್. ಇದು ತನ್ನ ಊರೆಂದು ಎಸೆನ್‌ಕುಲ್ ಅವನಿಗೆ ಹೇಳಿದ್ದ, ಆದರೆ ಇದು ತನ್ನ ಮನೆಯ ಕಥೆಯೆಂದು ಹೇಳಿರಲಿಲ್ಲ. ಅಮ್ಮನಿಗಂತೂ ಯಾರೋ ಒಬ್ಬ ಹೆಂಗಸಿನ ಕಥೆ ಎಂದಷ್ಟೇ ಹೇಳಿದ್ದ. ಮೊದಲು ಇಲ್ಲಿಯ ಮಾತು ಮುಗಿಸಿ ಆಮೇಲೆ ಅವಳ ಬಳಿ ಹೋಗುವುದೆಂದುಕೊಂಡಿದ್ದ.

"ಅಮ್ಮ, ನೀನ್ಯಾಕೆ ಬಂದೆ? ಏಳು, ಮನೆಗೆ ಹೋಗೋಣ."

"ನನ್ನನ್ನ ಕಾರು ಕಳಿಸಿ ಕರೆಸಿಕೊಂಡಿದಾರೆ" ಎಂದಳು ಬುರ್ಮಾಕಾನ್ ಬೋರ್ಸೋಕ್ ಜಗಿಯುತ್ತ. "ನಿನ್ನನ್ನ ಯಾರು ಕರೆಸಿದ್ರು?"

ಸುತ್ತಲಿದ್ದವರು ನಕ್ಕರು. ಇವರು ಬರೆದವರ ತಾಯಿ ಎಂಬ ಸುದ್ದಿ ಬಯಲಿನ ಆ ತುದಿಗೆ ಹೋಗಿ ಮುಟ್ಟಿತು. ಬೆಲೆಕ್ ಬಾಗಿ ಅವಳ ಕೈಗೆ ಹಣೆ ಮುಟ್ಟಿಸಿದ. ಯಾವ ಥರದ ಸಾವು ಎಂದು ಅವಳು ಕೇಳಿದ್ದಕ್ಕೆ, ಗಂಡ ಸತ್ತಿದಾನೆ ಅಜ್ಜಿ, ಹೆಂಡತಿ ಅಳಬೇಕು, ಈ ನಮ್ಮ ನಾಜಿರಾಗೆ ಪಟ್ಟಣದ ಅಳು ಮಾತ್ರ ಬರತ್ತೆ, ಎಂದ. ಬುರ್ಮಾಕಾನ್ ನಟಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ತೋಳು ಗಟ್ಟಿಯಾಗಿದೆ, ಅಳಬಲ್ಲಳು" ಎಂದಳು. ಆಮೇಲೆ ಮಗನ ಕಡೆ ಒಮ್ಮೆ ತಿರುಗಿ, ಅವನ ಮುಖದಲ್ಲಿ ಏನು ಕಂಡಳೋ, ತಲೆಗವಸಿನ ಅಂಚು ಹಣೆಯ ಮೇಲಕ್ಕೆ ಎಳೆದುಕೊಂಡು ಎದ್ದಳು. ಹೆಂಗಸರೆಲ್ಲ ಅವಳ ಹಿಂದೆ ಗುಡಾರದೊಳಕ್ಕೆ ಹೋದರು. ಗಂಡಸರು ಅಲ್ಲಿಗೆ ಹೋಗುವಂತಿಲ್ಲ. ಸಾವು ಸುಳ್ಳಾದರೂ ಕಟ್ಟಳೆ ನಿಜವಾಗಿತ್ತು. ಎಸೆನ್‌ಕುಲ್ ಹೊರಗೆ ಕಂಬಳಿಯ ಗೋಡೆಗೆ ಹತ್ತಿರವಾಗಿ ನಿಂತ. ಬಿಸಿಲಿಗೆ ಕಾದ ಉಣ್ಣೆ ಒದ್ದೆ ಕುರಿಯ ವಾಸನೆ ಬಿಡುತ್ತಿತ್ತು. ಒಳಗಿನಿಂದ ಅಮ್ಮನ ಮಾತು ಕೇಳುತ್ತಿತ್ತು: "ಜನರ ಕಡೆ ಬೆನ್ನು ಮಾಡಿ ಕೂರು. ಗೋಡೆ ನೋಡು. ಹಾಂ. ಕೈ ಸೊಂಟದ ಮೇಲಿರಲಿ. ಅಳು ಬರಲಿಲ್ಲ ಅಂದ್ರೆ ಹೆದರಬೇಡ. ಮೊದಲು ಅವನು ಮಾಡಿದ್ದನ್ನೆಲ್ಲ ಅವನಿಗೆ ಹೇಳು, ಅಳು ತಾನಾಗಿ ಬರತ್ತೆ." ನಾಜಿರಾ ಏನೋ ಕೇಳಿದಳು. "ಯಾರದ್ದನ್ನ ಹೇಳಲಿ? ಸರಿ, ನನ್ನದನ್ನೇ ಹೇಳ್ತೀನಿ, ನೀನು ರಾಗ ಹಿಡ್ಕೊ" ಎಂದಳು ಬುರ್ಮಾಕಾನ್.

ಅಪ್ಪ ಸತ್ತದ್ದು ನೀಲಿ ಕಿಟಕಿಯ ಮನೆಯಲ್ಲಿ. ಅಲ್ಲಿ ಗುಡಾರ ಎಬ್ಬಿಸಿದ್ದರು, ಒಳಗೆ ಗೋಡೆಯತ್ತ ಮುಖ ಮಾಡಿ ಗಲೀಮಾ ಕೂತಿದ್ದಳು. ಬುರ್ಮಾಕಾನಳಿಗೆ ಯಾರೂ ಹೇಳಿಕಳಿಸಲಿಲ್ಲ. ಮಗನಿಗೆ ಹೇಳಿಕಳಿಸಿದ್ದರು, ಮಗ ಹೋಗಿದ್ದ. ಗಲೀಮಾಳ ಇಬ್ಬರು ಗಂಡುಮಕ್ಕಳ ಪಕ್ಕದಲ್ಲಿ ಸಾಲಿನ ಕೊನೆಗೆ ಕೋಲೂರಿ ನಿಂತು, ಬಂದವರೆದುರು ಬಾಗಿ, ಗಂಟಲು ಹರಿಯುವಂತೆ ಅತ್ತಿದ್ದ. ಮರಳುವ ದಾರಿಯಲ್ಲಿ ಹಳ್ಳದ ನೀರಿಗೆ ಮುಖ ತೊಳೆದುಕೊಂಡು ಅಮ್ಮನ ಮನೆಗೆ ಬಂದು, ಈ ಕಡೆ ಕೆಲಸವಿತ್ತು ಎಂದಿದ್ದ. ಅವಳು ಸಾರು ಬಡಿಸಿದ್ದಳು. ಅವನು ಎರಡು ಬಟ್ಟಲು ಸಾರು ಕುಡಿದು, ಚೆನ್ನಾಗಿದೆ ಎಂದಿದ್ದ. ಅವಳಿಗೆ ಸಾವಿನ ಸುದ್ದಿ ಗೊತ್ತಾದದ್ದು ಯಾವಾಗ, ಯಾರಿಂದ ಎಂದು ಅವನು ಕೇಳಲಿಲ್ಲ. ಅವಳೂ ಆ ಮಾತು ಎತ್ತಲಿಲ್ಲ. ಅದನ್ನು ಅವನು ಅವಳ ಗಾಂಭೀರ್ಯ ಎಂದುಕೊಂಡ. ಅದರ ಸುತ್ತ ಹಿಮ ಸುರಿಸಿದ.

ಕಂಬಳಿಯಾಚೆ ಬುರ್ಮಾಕಾನಳ ದನಿ ಎದ್ದಿತು. ಚೆಂದದ ದನಿಯೇನಲ್ಲ, ತುಕ್ಕು ಹಿಡಿದ ಬಾಗಿಲು ತೆರೆದಂತೆ ಒಂದೆರಡು ಸಲ ಸಿಕ್ಕಿಕೊಂಡು, ಆಮೇಲೆ ದಾರಿ ಹಿಡಿಯಿತು.

"ಒಳ್ಳೆ ಜೀನು ನೀನು ಒಯ್ದೆ, ಹರಕು ಜೀನು ನನಗೆ ಬಿಟ್ಟೆ,
ಹರಕು ಜೀನಿನ ಮೇಲೆ ಕೂತು ನಿನ್ನ ಮಗನ ಬೆಳೆಸಿದೆ.
ಉಪ್ಪು ಹೆಚ್ಚಿತು ಎನ್ನುತ್ತಿದ್ದೆ, ಅವಳ ಉಪ್ಪು ರುಚಿಸಿತೇನೋ,
ಹಲ್ಲಿಗಡ್ಡ ಕೈಯ ಹಿಡಿದು ಅವಳ ಎದುರೂ ನಕ್ಕೆಯೇನೋ."

ಒಳಗೆ ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕು, ಆ ನಗುವಿನ ಬಾಲದಲ್ಲೇ ಬಿಕ್ಕಿದರು. ಎಸೆನ್‌ಕುಲನಿಗೆ ತಿಳಿಯಿತು, ಇದು ಈ ಹೊತ್ತಿಗೆ ಕಟ್ಟಿದ್ದಲ್ಲ. ಪ್ರಾಸಗಳು ನುಣುಪಾಗಿದ್ದವು. ಹಾಲು ಕರೆಯುವಾಗ, ಸಗಣಿ ಬೆರಣಿ ತಟ್ಟುವಾಗ, ಅವನು ಮೌನ ಎಂದು ಬರೆದುಕೊಂಡ ಆ ಎಲ್ಲ ಸಂಜೆಗಳಲ್ಲಿ, ತುಟಿ ಅಲುಗಿಸದೆ ಹಾಡಿ ಹಾಡಿ ಸವೆಸಿದ್ದು. ಕಾಲು ಅವನನ್ನು ಇನ್ನೊಂದು ಹೆಜ್ಜೆ ಹತ್ತಿರ ಒಯ್ದಿತು. ಕೋಲು ಹಿಡಿದ ಊರ ಗಂಡಸರು ಅಭ್ಯಾಸ ನಿಲ್ಲಿಸಿ ನೆಲ ನೋಡುತ್ತಿದ್ದರು.

"ನಿನ್ನ ಬಾಗಿಲಲ್ಲಿ ಕೋಲನೂರಿ ನಿನ್ನ ಮಗನು ಅತ್ತನಂತೆ,
ಅತ್ತ ಕಣ್ಣು ತೊಳೆದುಕೊಂಡು ನನ್ನ ಕೈಲಿ ಉಂಡನಂತೆ.
ಉಣ್ಣಲೆಂದು ಬಡಿಸಿದೆನೋ, ಕೇಳದೇನೆ ಬಡಿಸಿದೆನೋ,
ನನಗೆ ಅಳಲು ಬಾಗಿಲಿಲ್ಲ, ಒಲೆಯ ಮುಂದೆ ಕೂತೆನೋ."

ಕಂಬಳಿಯ ಒರಟು ನೂಲು ಅವನ ಹಣೆಗೆ ಚುಚ್ಚುತ್ತಿತ್ತು. ಹಣೆಯನ್ನು ಯಾವಾಗ ಅಲ್ಲಿ ಊರಿದನೋ ಅವನಿಗೇ ಗೊತ್ತಿರಲಿಲ್ಲ. ನಾಚಿಕೆಯಾಗಬಹುದು ಎಂದು ಕಾದ. ನಾಚಿಕೆ ಬಂತು, ಆದರೆ ಅವನೆಣಿಸಿದಷ್ಟು ದೊಡ್ಡದಾಗಿ ಬರಲಿಲ್ಲ. ತಡವಾಗಿ ಮನೆಗೆ ಬಂದ ಹುಡುಗನಂತೆ ಮೆಲ್ಲಗೆ ಬಂದು ಪಕ್ಕದಲ್ಲಿ ನಿಂತಿತು. ಅಷ್ಟು ಜನರ ನಡುವೆ ಅವಳು ಅದನ್ನು ಹಾಡಿದ್ದಕ್ಕೆ ಸಿಟ್ಟೂ ಬಂತು. ಆ ಸಾರಿನ ರುಚಿಯೂ ನಾಲಿಗೆಗೆ ಬಂತು. ಮೂರೂ ಒಟ್ಟಿಗೆ ಇದ್ದವು, ಒಂದಕ್ಕೊಂದು ಜಗಳವಾಡದೆ.

ಅಳು ನಿಂತ ಮೇಲೆ ಬೆಲೆಕ್ ಅವನ ಬಳಿ ಬಂದ. ಧ್ವನಿ ಮುದ್ರಿಸುವ ಹುಡುಗರು ಅಷ್ಟನ್ನೂ ಹಿಡಿದುಕೊಂಡಿದ್ದರು. "ಬೈಕೆ, ನನಗೆ ಗೊತ್ತಿರಲಿಲ್ಲ" ಎಂದ. ಬೂಟಿನಿಂದ ಹುಲ್ಲಿನ ಬುಡ ಕೆದಕಿ, ಇನ್ನೂ ಸಣ್ಣ ದನಿಯಲ್ಲಿ, "ಅದನ್ನ ಸಿನಿಮಾದಲ್ಲಿ ಇಟ್ಕೋಬಹುದಾ?" ಎಂದ. ಅಷ್ಟರಲ್ಲಿ ಗುಡಾರದಿಂದ ಹೊರಬಂದ ಬುರ್ಮಾಕಾನ್, ಮೊಣಕಾಲು ತಿಕ್ಕಿಕೊಳ್ಳುತ್ತ, "ಏನು ಇಟ್ಕೊಳ್ಳೋದು? ಅದು ನಿಮಗಲ್ಲ ಮಗಾ, ಅದು ನನ್ನ ಗಂಡಂದು. ಅಳಿಸಿಬಿಡು. ಹುಡುಗಿಗೆ ಕಲಿಸಿದೀನಲ್ಲ, ಅವಳು ತನ್ನದನ್ನ ಅಳಲಿ" ಎಂದಳು. ಅವಳ ಮುಖ ತೊಳೆದಿಟ್ಟ ಪಾತ್ರೆಯಂತೆ ಸ್ವಚ್ಛವಾಗಿತ್ತು. ಬೆಲೆಕ್ ಅವಳೆದುರೇ ಧ್ವನಿಯ ಹುಡುಗರನ್ನು ಕರೆದು ಅಳಿಸಲು ಹೇಳಿದ.

ಮಧ್ಯಾಹ್ನದ ಮೇಲೆ ದೃಶ್ಯ ತೆಗೆದರು. ನಾಜಿರಾ ಗೋಡೆಯತ್ತ ಮುಖ ಮಾಡಿ ಕೂತು, ಬುರ್ಮಾಕಾನ್ ಕೊಟ್ಟ ರಾಗದಲ್ಲಿ, ಹಿಮದಲ್ಲಿ ಹೂತುಹೋದ ಗಂಡನಿಗೆ ಬೇರೆಯೇ ಮಾತು ಹೇಳಿ ಅತ್ತಳು. ಒಂದು ಕಡೆ ಮಾತ್ರ ಚಿತ್ರಕಥೆಯಲ್ಲಿಲ್ಲದ ಸಾಲೊಂದು ಅವಳ ಬಾಯಿಂದ ಬಂತು: ನೀನು ಹೋಗುವಾಗ ನನ್ನನ್ನ ಕೇಳಿದೆಯಾ, ಎಂದು. ಅದನ್ನು ಯಾರೂ ಕತ್ತರಿಸಲಿಲ್ಲ. ಎಸೆನ್‌ಕುಲ್ ಕ್ಯಾಮೆರಾದ ಹಿಂದೆ ನಿಂತು ನೋಡಿದ. ಇದು ಅವನ ಸಿನಿಮಾ ಆಗಿರಲಿಲ್ಲ. ಆದರೆ ಅವನ ಸಿನಿಮಾ ಯಾರ ಕಥೆಯಾಗಿತ್ತು? ಹಿಮ, ಅಂಗೈ, ಮಾತಿಲ್ಲದ ಹೆಂಗಸು, ಎಲ್ಲಿಗೂ ಹೋಗದ ಮಗ. ಎಷ್ಟು ಅಚ್ಚುಕಟ್ಟಾಗಿ ಬರೆದಿದ್ದ! ಅವಳು ಬಾಯಿ ಬಿಡಬಹುದೆಂಬ ಹೆದರಿಕೆಯಿಂದಲೇ ಅಷ್ಟು ಅಚ್ಚುಕಟ್ಟು ಬಂದಿತ್ತೇನೋ. ಪಕ್ಕದಲ್ಲಿ ಅವನಿಗೆ ಸಿಗದ ಕುರ್ಚಿಯಲ್ಲಿ ಬುರ್ಮಾಕಾನ್ ಕೂತಿದ್ದಳು, ಭುಜದ ಮೇಲೆ ಐಜಿರೆಕ್ ಹೊದಿಸಿದ ಕೆಂಪು ಜಾಕೆಟ್ಟು.

ಹೊರಡುವಾಗ ಬೆಲೆಕ್ ಕಾರಿನ ಕಿಟಕಿಗೆ ಬಾಗಿದ. "ನೀವೇನೋ ಹೇಳಬೇಕು ಅಂತ ಬಂದಿದ್ರಿ ಬೈಕೆ."

"ಫೋನ್ ಮಾಡ್ತೀನಿ" ಎಂದ ಎಸೆನ್‌ಕುಲ್.

ಮನೆಯ ದಾರಿ ಚಿಕ್ಕದು, ಆದರೆ ಊರಿನ ಕುರಿಮಂದೆ ಬೆಟ್ಟದಿಂದ ಇಳಿಯುತ್ತ ರಸ್ತೆ ತುಂಬ ಹರಡಿಕೊಂಡಿತ್ತು. ಅವನು ಇಂಜಿನ್ ಆರಿಸಿದ. ಕುರಿಗಳು ಕಾರಿನ ಎರಡೂ ಬದಿಗೆ ಉಜ್ಜಿಕೊಂಡು ಹೋಗುತ್ತಿದ್ದವು. ಬಾಲಿಕ್ಚಿ ಎಂಬ ಹೆಸರಿನಿಂದ ಶುರು ಮಾಡಬೇಕೋ, ಸಾರಿನಿಂದಲೋ ಅವನಿಗೆ ತಿಳಿಯಲಿಲ್ಲ. "ಅಮ್ಮ, ಆ ದಿನ" ಎಂದ.

"ಗೊತ್ತು" ಎಂದಳು ಬುರ್ಮಾಕಾನ್, ಕುರಿಗಳನ್ನು ನೋಡುತ್ತಲೇ. "ಅಪ್ಪನಿಗೆ ಮಗ ಅಳದೆ ಇನ್ಯಾರು ಅಳ್ತಾರೆ? ನೀನು ಹೋಗದಿದ್ದಿದ್ರೆ ನಾನು ಬೈತಿದ್ದೆ. ಹೇಳದೇ ಇದ್ದದ್ದಕ್ಕೆ ಬೈದಿದೀನಿ, ಅಷ್ಟೇ. ಕೇಳಿಸ್ತಲ್ಲ?"

"ಕೇಳಿಸ್ತು."

ಅವಳು ತಲೆಗವಸು ಸಡಿಲಿಸಿಕೊಂಡಳು. ಆಮೇಲೆ, ಸಂತೆಯ ಸುದ್ದಿ ಕೇಳುವವಳಂತೆ, "ಅದಿರಲಿ, ಸಿನಿಮಾದಲ್ಲಿ ಅವನು ಹೇಗೆ ಸಾಯ್ತಾನೆ?" ಎಂದಳು.

"ಹಿಮ ಕುಸಿಯತ್ತೆ. ನೆರೆಯವರ ಕುರಿ ಉಳಿಸೋಕೆ ಹೋಗಿ ಸಾಯ್ತಾನೆ."

"ಯಾರು? ಅವನಾ?" ಬುರ್ಮಾಕಾನ್ ಅವನತ್ತ ಪೂರ್ತಿ ತಿರುಗಿದಳು. "ನೆರೆಯವರ ಕುರಿ?" ಮೊದಲು ಭುಜ ಕುಲುಕಿತು, ಆಮೇಲೆ ಹೊಟ್ಟೆ. ಹಲ್ಲಿಲ್ಲದ ಬಾಯಿ ಅಗಲಿಸಿ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. "ಸ್ವಂತ ಕುರಿ ಹಳ್ಳಕ್ಕೆ ಬಿದ್ರೆ ಏಳ್ತಿರ್ಲಿಲ್ಲ ಕಣೋ ಅವನು, ಹೆಂಡತಿ ಇದಾಳಲ್ಲ ಅಂತಿದ್ದ!" ಅವನಿಗೂ ನಗು ಹತ್ತಿತು. ಇಬ್ಬರೂ ಕುರಿಗಳ ನಡುವೆ ನಿಂತ ಕಾರಿನಲ್ಲಿ ಉಸಿರು ಕಟ್ಟುವಂತೆ ನಕ್ಕರು. ಕುರಿ ಕಾಯುವವನು ಕುದುರೆಯ ಮೇಲಿಂದ ಬಗ್ಗಿ, ಇವರಿಗೇನಾಯಿತೆಂದು ನೋಡಿಕೊಂಡು ಹೋದ.

ಕೊನೆಯ ಕುರಿಗಳು ದಾಟಿದವು. ರಸ್ತೆ ತೆರವಾಯಿತು. ಬುರ್ಮಾಕಾನ್ ತಲೆಗವಸಿನ ತುದಿಯಿಂದ ಕಣ್ಣೊರೆಸಿಕೊಂಡು, ಮುಂದಿನ ಗಾಜಿನಾಚೆ ಧೂಳು ಇಳಿಯುವುದನ್ನು ನೋಡಿದಳು.

"ಇರಲಿ ಬಿಡು" ಎಂದಳು. "ಹಾಗೇ ಸಾಯಲಿ."